ಎಡಕ್ಕೆ ಜಾರುವ ಢಾಲ್ವಾಲಿ

ಅರ್ಜುಮಂದ ಅವರೊಂದಿಗಿನ ಮೊದಲ ಮಾತುಕತೆ ನಿಗದಿಯಾದದ್ದು ಶಹಾಪುರ ಬಸ್ ನಿಲ್ದಾಣದ ಎದುರಿನ ಲಾಡ್ಲೇಸಾಬರ ಚಹಾದಂಗಡಿಯಲ್ಲಿ. ಜಿಲ್ಲೆಯ ಆಟಗಳ ಚರಿತ್ರೆಯನ್ನು ಆಡಿದವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ನನ್ನದು. ಸುರಪುರದ ಗರಡಿಯವರು, ಸಗರದಲ್ಲಿ ಚೌಕಾಬಾರ ಆಡುವ ಹೆಂಗಸರು, ಇವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು ೨೦೨೫ರ ಜುಲೈ ಕೊನೆಗೆ ಶಹಾಪುರಕ್ಕೆ ಬಂದಿದ್ದೆ. ಮೊಬೈಲ್ ಆಟಗಳ ಅಧ್ಯಾಯವೊಂದು ಬಾಕಿ ಇತ್ತು. ಅಂಗಡಿಯಲ್ಲಿ ಕುಳಿತು ಆಡುತ್ತಿದ್ದ ಯುವಕರನ್ನು ಮಾತಿಗೆಳೆಯಲು ನೋಡಿದಾಗ ಲಾಡ್ಲೇಸಾಬರು ತಡೆದರು.

"ಇವರಿಗೇನು ಕೇಳ್ತೀರಿ ಮೇಡಂ? ಸೋತು ಬಂದು ಇವರೆಲ್ಲಾ ಯಾರ ಮುಂದ ಅಳ್ತಾರೋ ಅವರಿಗೇ ಕೇಳ್ರಿ. ಗಾದಿ ಅಂಗಡಿ ಅರ್ಜುಮಂದ."

ಅವರೇ ಫೋನು ಮಾಡಿ ಅರ್ಜುಮಂದರ ತಾಯಿ ಗೌಹರಬೇಗಂ ಅವರ ಒಪ್ಪಿಗೆ ಕೇಳಿದರು. ಹತ್ತಿ ಹಿಂಜುವ ಯಂತ್ರ ನಿಂತ ಮೇಲೆ ಬರಬೇಕು, ತಾಯಿಯ ಎದುರಿಗೇ ಮಾತಾಡಬೇಕು, ಫೋಟೊ ತೆಗೆಯಬಾರದು ಎಂಬ ಷರತ್ತುಗಳ ಮೇಲೆ ಒಪ್ಪಿಗೆ ದೊರೆಯಿತು.

ಅಂಗಡಿಯನ್ನು ಕಟ್ಟಿದವರು ಅರ್ಜುಮಂದರ ತಂದೆ ಜಲಾಲುದ್ದೀನ. ಅವರು ೨೦೨೧ರಲ್ಲಿ ತೀರಿಕೊಂಡ ನಂತರ ಮಗಳೇ ಹತ್ತಿ ಹಿಂಜುತ್ತಾರೆ, ಗಾದಿ ತುಂಬುತ್ತಾರೆ, ಹೊಲಿಯುತ್ತಾರೆ. ನಾನು ಹೋದಾಗ ಮೂವತ್ತೆರಡರ ಅರ್ಜುಮಂದ ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು ಹೊತ್ತು ಒಂದು ಮೊಬೈಲನ್ನು ದಿಟ್ಟಿಸುತ್ತಿದ್ದರು. ಅದು ಕಟ್ಟೆಯ ಆಚೆ ಕೈಕಟ್ಟಿ ನಿಂತಿದ್ದ ಅಸದ ಎಂಬ ಆಟೋ ಚಾಲಕನದು. ಹಿಂದಿನ ದಿನ ಅವನು ಸೋತ ಆಟ ಅದರಲ್ಲಿತ್ತು.

"ಛಲೋ ಆಡಿದ್ನಲ್ಲ ಆಪಾ, ಆದ್ರೂ ಸತ್ತಳು," ಎಂದ ಅಸದ.

"ಆಕಿ ಸತ್ತಿಲ್ಲೋ, ನೀ ಕೊಂದಿ. ಢಾಲು ಕೊಟ್ಟಾರ ಅಂತ ಆಟೋ ಓಡಿಸಿದಂಗ ನುಗ್ಗಿಸ್ತೀ. ಹೋಗು, ಬ್ರೇಕ್ ಹಾಕೋದು ಕಲಿ."

ಆ ಆಟದ ಹೆಸರು 'ಏಳು ದುರ್ಗ'. ಮಾಂತ್ರಿಕರು, ರೆಕ್ಕೆಯ ಕುದುರೆಗಳು, ಮಾತಾಡುವ ಕತ್ತಿಗಳು ತುಂಬಿದ ಲೋಕ. ಅದರಲ್ಲಿ ಕೋಟೆಯ ಬಾಗಿಲು ಕಾಯುವ ದೈತ್ಯ ಹೆಂಗಸೊಬ್ಬಳಿದ್ದಾಳೆ. ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಈಟಿ. ಶಹಾಪುರದ ಆಟಗಾರರು ಆಕೆಯನ್ನು 'ಢಾಲ್ವಾಲಿ', ಅಂದರೆ ಗುರಾಣಿಯವಳು, ಎಂದು ಕರೆಯುತ್ತಾರೆ. ಆಕೆಯ ಬಲಾಬಲವನ್ನು ವಿವರಿಸಲು ಕೇಳಿದೆ.

"ಆಕಿ ಬಲ ಎಲ್ಲಾ ತಡಕೊಳ್ಳೋದ್ರಾಗ ಅದ ರೀ," ಎಂದು ಅರ್ಜುಮಂದ ಆರಂಭಿಸಿದರು. "ವೈರಿ ಏಟು ಕೊಟ್ಟಷ್ಟೂ ಢಾಲಿನಾಗ ಜಮಾ ಮಾಡ್ಕೋತಾಳ. ಮೂರು ಏಟಾದ ಮ್ಯಾಲ ಒಮ್ಮೆಗೇ ವಾಪಸ್ ಕೊಡ್ತಾಳ. ಎಂಥಾ ಜಾದುಗಾರ ಇದ್ರೂ ಉಳಿಯಾಂಗಿಲ್ಲ."

"ದೌರ್ಬಲ್ಯ?"

"ವಾಪಸ್ ಕೊಟ್ಟ ಮ್ಯಾಲ ಢಾಲು ಕೆಳಗ ಇಳೀತದ. ಎಡ ಮಗ್ಗಲು ಖುಲ್ಲಾ. ಮತ್ತ ಆಕಿ ಶರೀರ ಭಾರೀ, ತಿರುಗೋದ್ರಾಗ ಹೊತ್ತು ಹೋಗ್ತದ. ಆವಾಗ ಲಗೂನ ಬಲಕ್ಕ ಜಾರಬೇಕು. ಎಡಕ್ಕ ಜಾರಿದ್ರ ವೈರಿ ಕತ್ತಿ ಬಾಯಾಗ ಹೋಗಿ ನಿಂತಂಗ. ಎಲ್ಲಾರೂ ಬಲಕ್ಕೇ ಜಾರ್ತಾರ."

ಎಲ್ಲಿ ಕಲಿತಿರೆಂದು ಕೇಳಿದಾಗ ಅರ್ಜುಮಂದ ತಾಯಿಯ ಕಡೆ ನೋಡಿದರು. ಗೌಹರಬೇಗಂ ಎಲೆ ಅಡಿಕೆ ಮಡಚುತ್ತ, "ಹೇಳು, ಹೇಳಿದ್ರೇನು," ಎಂದರು.

ಕಲಿತದ್ದು ತಮ್ಮ ಏಜಾಜನ ಜೊತೆ. ಇಬ್ಬರಿಗೂ ಇದ್ದದ್ದು ಒಂದೇ ಮೊಬೈಲು, ಅದೂ ಯಾರೋ ಬಳಸಿ ಬಿಟ್ಟದ್ದು. ಅದರ ಪರದೆಯ ಬಲಗಡೆಯ ಕೆಳಮೂಲೆ ಮುಟ್ಟಿದರೆ ಕೆಲಸ ಮಾಡುತ್ತಿರಲಿಲ್ಲ. ಬಲಕ್ಕೆ ಜಾರಿಸುವ ಗುಂಡಿ ಇದ್ದದ್ದು ಆ ಮೂಲೆಯಲ್ಲೇ.

"ಅದಕ್ಕ ನಾವಿಬ್ಬರೂ ಒಂದು ಉಲ್ಟಾ ಆಟ ಹುಡುಕಿದ್ವಿ," ಎಂದು ಅರ್ಜುಮಂದ ನಕ್ಕರು. "ಮೂರನೇ ಏಟಿಗೆ ಕಾಯಾಂಗಿಲ್ಲ. ಎರಡಕ್ಕೇ ವಾಪಸ್ ಕೊಟ್ಟು, ವೈರಿ ಕತ್ತಿ ಎತ್ತೂದ್ರಾಗ ಎಡಗೈ ಹೆಬ್ಬೆಟ್ಟಿಲೆ ಎಡಕ್ಕ ಜಾರೋದು. ಎರಡೂ ತಪ್ಪೇ ರೀ. ಗುಂಡಿ ನೆಟ್ಟಗ ಇದ್ದವರು ಯಾರೂ ಹಂಗ ಆಡಾಂಗಿಲ್ಲ."

೨೦೧೮ರಲ್ಲಿ ಒಂದು ಬೆಳಗ್ಗೆ, ಮದುವೆ ಮನೆಗೆ ತಲುಪಿಸಬೇಕಿದ್ದ ಗಾದಿಗಳನ್ನು ಅರ್ಧಕ್ಕೆ ಬಿಟ್ಟು ಏಜಾಜ ಆಡುತ್ತ ಕುಳಿತಿದ್ದ. ತಂದೆ ಮೊಬೈಲನ್ನು ರಸ್ತೆಗೆ ಎಸೆದು, "ಇವತ್ತಿನಿಂದ ನೀ ನಮ್ಮ ಪಾಲಿಗಿಲ್ಲ," ಎಂದರು. ಇಪ್ಪತ್ತೊಂದು ವರ್ಷದ ಮಗ ಅದನ್ನು ಎತ್ತಿಕೊಂಡು ಹೋದವನು ಮರಳಲಿಲ್ಲ. ದೂರದ ಊರುಗಳಲ್ಲೇ ಇರಬೇಕೆಂದು ಹೈದರಾಬಾದು, ಪುಣೆ, ಮುಂಬಯಿಗಳಲ್ಲಿ ಹುಡುಕಿಸಿದರು. ಸುದ್ದಿ ಸಿಗಲಿಲ್ಲ. ಸತ್ತವರ ಹೆಸರಿನಲ್ಲಿ ಓದಿಸುವ ಫಾತೆಹಾವನ್ನು ಅವನ ಹೆಸರಿಗೂ ಓದಿಸಿಬಿಡಿ ಎಂದು ಬಂಧುಗಳು ಹೇಳುತ್ತಲೇ ಇದ್ದಾರೆ.

"ಬದುಕಿರೋ ಮಗನ ಹೆಸರಿಲೆ ಫಾತೆಹಾ ಓದಸಿ ಅವನ ಆಯುಷ್ಯ ನಾನೇ ಕಡೀಲಾ?" ಎಂದು ಗೌಹರಬೇಗಂ ನನ್ನನ್ನೇ ಕೇಳಿದರು. "ಸತ್ತಾನ ಅನ್ನವರು ತೋರಸ್ಲಿ. ಅದಾನ ಅನ್ನವರೂ ತೋರಸ್ಲಿ. ಹಿಂಗ ನಡುವ ನಿಲ್ಲಸ್ಯಾನ ನನಗ."

ಎರಡನೆಯ ಭೇಟಿ ಆಗಸ್ಟ್ ೧೨, ಮಂಗಳವಾರ. ಜೂನ್ ತಿಂಗಳಲ್ಲಿ ಯಾದಗಿರಿಯ ಯುವಕರ ಸಂಘವೊಂದು ನಡೆಸಿದ ಪಂದ್ಯಗಳ ವಿಡಿಯೊ ನನ್ನಲ್ಲಿತ್ತು. ಆಟಗಾರರು ತಮ್ಮ ತಮ್ಮ ಮನೆಯಿಂದಲೇ ಆಡಿದ್ದರು, ಸಭಾಂಗಣದ ಪರದೆಯ ಮೇಲೆ ಜನ ನೋಡಿದ್ದರು. ಹೆಸರುಗಳಿರಲಿಲ್ಲ, ಪ್ರತಿಯೊಬ್ಬರಿಗೂ ಒಂದು ಅಂಕಿ ಮಾತ್ರ. ಅದನ್ನು ತೋರಿಸಿ ಅರ್ಜುಮಂದರ ವಿಶ್ಲೇಷಣೆಯನ್ನು ಧ್ವನಿಮುದ್ರಿಸಿಕೊಳ್ಳುವುದು ನನ್ನ ಯೋಜನೆ.

ಮೊದಲ ಎರಡು ಆಟಗಳಿಗೆ ಅವರ ನಾಲಗೆ ಹರಿತವಾಗಿತ್ತು. "ಇವನ ಜಾದುಗಾರ ನಿದ್ದಿ ಮಾಡಾಕತ್ಯಾನ. ಇವನ ಬಿಲ್ಲಿನಾಕಿ ಬಾಣ ಬಿಡೂದ್ರಾಗ ನಮ್ಮ ಗಾದಿ ಹೊಲಿದು ಆಗ್ತದ." ಮೂರನೆಯದರಲ್ಲಿ ಢಾಲ್ವಾಲಿ ಬಂದಳು. ಒಂದು ಏಟು, ಎರಡು ಏಟು. "ತಡಿ, ಇನ್ನೊಂದು ತಡಕೋ," ಎಂದರು ಅರ್ಜುಮಂದ. ಢಾಲ್ವಾಲಿ ಕಾಯಲಿಲ್ಲ. ಎರಡಕ್ಕೇ ಎಸೆದಳು, ಎಡಕ್ಕೆ ಜಾರಿದಳು. ವೈರಿಯ ಕತ್ತಿ ಖಾಲಿ ನೆಲಕ್ಕೆ ಬಡಿಯಿತು.

ಧ್ವನಿಮುದ್ರಣದಲ್ಲಿ ಇಲ್ಲಿ ಕತ್ತರಿ ಕೆಳಗೆ ಬಿದ್ದ ಸದ್ದು.

"ಮತ್ತ ಹಚ್ಚ್ರಿ."

ಮತ್ತೆ ತೋರಿಸಿದೆ. ಆಟ ಮುಗಿಯುವವರೆಗೂ ಢಾಲ್ವಾಲಿ ಬಲಕ್ಕೆ ಒಮ್ಮೆಯೂ ಜಾರಲಿಲ್ಲ.

"ಅಮ್ಮೀ," ಎಂದರು ಅರ್ಜುಮಂದ. "ಅಮ್ಮೀ, ಇದು ನಮ್ಮ ಏಜಾಜ."

ಗೌಹರಬೇಗಂ ಎದ್ದು ಬಂದು ಪರದೆಯನ್ನೇ ನೋಡಿದರು. ಅಲ್ಲಿ ಇದ್ದವಳು ಈಟಿ ಹಿಡಿದ ದೈತ್ಯೆ. "ಎಲ್ಲಿದಾನ? ಇದರಾಗ ಎಲ್ಲಿದಾನ?" ಎಂದು ಗಾಜನ್ನು ಸೆರಗಿನಿಂದ ಒರೆಸತೊಡಗಿದರು.

ಒಂದು ಆಟದ ರೀತಿಯನ್ನು ಗುರುತಿನ ಸಾಕ್ಷಿಯೆಂದು ಒಪ್ಪಲು ನಾನು ಹಿಂಜರಿದೆ; ಸಂಘದವರು ಫೋನಿಗೆ ಸಿಗುವವರೆಗೆ ಕಾಯೋಣವೆಂದೆ. ಮರುದಿನ ಪಂದ್ಯ ನಡೆಸಿದ ವಿಶ್ವಾರಾಧ್ಯ ಫೋನಿಗೆ ಸಿಕ್ಕರು. ಆ ಆಟಗಾರ ಯಾರೆಂದು ಕೇಳಿದೆ.

"ಅವರಾ? ಇಲ್ಲೇ ಯಾದಗಿರಿ ಸ್ಟೇಷನ್ ಕಡೆ ಮನಿ ರೀ. ನಾ ಮಾರಿ ನೋಡಿಲ್ಲ. ಹೆಸರು ಏಜಾಜ ಅಂತ ಅದ."

ವಿಳಾಸ ಬರೆದುಕೊಂಡೆ. ಏಳು ವರ್ಷ ಮುಂಬಯಿಯವರೆಗೆ ಹುಡುಕಿಸಿದ ಮಗ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ಊರಿನಲ್ಲಿದ್ದ.

೧೪ರ ಗುರುವಾರ ಅರ್ಜುಮಂದ ಮತ್ತು ನಾನು ಹೊರಟೆವು. ಗೌಹರಬೇಗಂ ಬರಲಿಲ್ಲ. "ಅವನೇ ಬರಲಿ. ಬಂದು ಬೈಸ್ಕೊಳ್ಳಲಿ," ಎಂದವರು ಡಬ್ಬಿ ತುಂಬ ಖೀಮಾ ಕಟ್ಟಿಕೊಟ್ಟರು. ಭೀಮಾ ಸೇತುವೆ ದಾಟುವಾಗ ಅರ್ಜುಮಂದ ಮೊದಲ ಮಾತಾಗಿ ಏನು ಅನ್ನಬೇಕೆಂದು ತಾಲೀಮು ನಡೆಸುತ್ತಿದ್ದರು. "ಮೂರು ಏಟು ತಡಕೊಳ್ಳಾಕ ಇನ್ನೂ ಕಲ್ತಿಲ್ಲೇನೋ? ಹಂಗ ಅಂತೀನಿ. ಹೌದಿಲ್ಲ?"

ಬಾಗಿಲು ತೆರೆದವಳು ಇಪ್ಪತ್ತಾರರ ಆಸುಪಾಸಿನ ಹೆಂಗಸು. ಹಿಂದೆ ಗೋಡೆ ಹಿಡಿದು ಆಗತಾನೇ ಹೆಜ್ಜೆ ಹಾಕುತ್ತಿದ್ದ ಹೆಣ್ಣು ಮಗು. ಅರ್ಜುಮಂದರ ಮುಖ ಕಂಡೊಡನೆ ಆಕೆ ಚೌಕಟ್ಟಿಗೆ ಒರಗಿಬಿಟ್ಟಳು. ಅಕ್ಕ ತಮ್ಮಂದಿರ ಹೋಲಿಕೆ ಅಷ್ಟಿತ್ತೆಂದು ಆಮೇಲೆ ತಿಳಿಯಿತು.

"ಏಜಾಜ?" ಎಂದರು ಅರ್ಜುಮಂದ.

"ನಾನು ಸಬಾ, ಅವರ ಹೆಂಡತಿ," ಎಂದವಳು ತಡವರಿಸಿ ಮನೆಮಾತಿನಲ್ಲಿ ಹೇಳಿದಳು: "ವೋ ತೋ ಪರ್ಸೂಂ ಗುಜರ್ ಗಯೇ, ಆಪಾ."

ಮೊನ್ನೆ ತೀರಿಹೋದರು.

ಅರ್ಜುಮಂದ ಹೊಸ್ತಿಲಲ್ಲೇ ಕುಸಿದರು. ಮೊನ್ನೆ ಎಂದರೆ ಮಂಗಳವಾರ. ಪರದೆಯಲ್ಲಿ ತಮ್ಮನನ್ನು ಗುರುತಿಸಿದ ದಿನ. "ಆವತ್ತೇ ಬರಬೇಕಿತ್ತು! ಫೋನಿಗೆ ಕಾಯ್ಕೊಂತ ಕುಂತಿವಿ! ಆವತ್ತೇ ಹೊಂಟಿದ್ರ ಮಾರಿ ಕಾಣ್ತಿದ್ವಿ!" ಎಂದು ನೆಲ ಬಡಿದರು. ಪಕ್ಕದ ಮನೆಯ ಶಿವಬಸಮ್ಮ ಓಡಿ ಬಂದರು. ಕಾಯೋಣವೆಂದಿದ್ದವಳು ನಾನು.

ಆದರೆ ಮನೆಯಲ್ಲಿ ಎರಡು ದಿನದ ಹಿಂದಿನ ಸಾವಿನ ಗುರುತುಗಳಿರಲಿಲ್ಲ. ಬಂಧುಗಳಿರಲಿಲ್ಲ, ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಸುರಪುರದ ಹಳಬರ ಮಾತು ಕೇಳಿಸಿಕೊಂಡಾಗ ಈ ಶಬ್ದ ನನ್ನನ್ನು ಹಲವು ಸಲ ದಾರಿ ತಪ್ಪಿಸಿತ್ತು. ಈ ಸೀಮೆಯ ದಖನಿ ಮಾತಿನಲ್ಲಿ 'ಪರ್ಸೂಂ' ಮೊನ್ನೆಯೂ ಹೌದು, ಹೋದ ವರ್ಷವೂ ಹೌದು, ಕಳೆದುಹೋದ ಯಾವ ದಿನವೂ ಹೌದು. ಹುಟ್ಟಿದಂದಿನಿಂದ ಹಾಗೆಯೇ ಆಡುತ್ತ ಬಂದ ಅರ್ಜುಮಂದರಿಗೆ ಆ ಕ್ಷಣ ಅದು ಹೊಳೆಯಲಿಲ್ಲ.

"ಯಾವ ಪರ್ಸೂಂ, ಸಬಾ?" ಎಂದು ಕೇಳಿದೆ.

"ಶಬೇ ಬರಾತ್ ಹಬ್ಬದ ಮರುದಿನ ರೀ. ಕಾಮಾಲೆ ಆಗಿತ್ತು. ಇಕಿ ಹೊಟ್ಟ್ಯಾಗ ಇದ್ದಳು."

ಅರ್ಜುಮಂದ ತಲೆಯೆತ್ತಿದರು. ಮಗು ಗೋಡೆ ಬಿಟ್ಟು ಅವರ ಕಡೆಗೇ ನಡೆದು ಬರುತ್ತಿತ್ತು. ಫೆಬ್ರುವರಿಯಲ್ಲಿ ಬಂದ ಈ ವರ್ಷದ ಶಬೇ ಬರಾತ್‌ನಲ್ಲಿ ಹೊಟ್ಟೆಯಲ್ಲಿದ್ದ ಕೂಸು ಈಗ ನಡೆಯಲಾರದು.

"ಹಂಗಾರ ಜೂನ್‌ದಾಗ ಆಡಿದವರು ಯಾರು?" ಅರ್ಜುಮಂದರ ಬಾಯಿಂದ ಬಂದದ್ದು ಪಿಸುಮಾತು.

"ನಾನೇ ಆಪಾ. ಆಟದಾಗಿನ ಅವರ ಹೆಸರು ತೆಗೀಲಾಕ ಮನಸಾಗಲಿಲ್ಲ. ಅವರೇ ಕಲಿಸಿದ್ದು, ಆ ಹಳೀ ಮೊಬೈಲ್‌ದಾಗ. ಈಗ ಹೊಸಾದು ಅದ, ಬಲಗಡೆ ಗುಂಡಿ ನಡೀತದ. ಆದ್ರ ಕೈ ಅತ್ಲಾಗ ಹೋಗಾಂಗಿಲ್ಲ."

"ನಮಗ್ಯಾಕ ತಿಳಿಸಲಿಲ್ಲ?"

ಸಬಾ ಬೆಪ್ಪಾಗಿ ನೋಡಿದಳು. "ನೀವು ಇದ್ದೀರಿ ಅಂತನೇ ಗೊತ್ತಿಲ್ಲಲ್ಲ. ಹಿಂದ ಮುಂದ ಯಾರೂ ಇಲ್ಲ ಅಂತಿದ್ರು. ಶಹಾಪುರದಾಗ ಒಬ್ಬ ದೋಸ್ತ್ ಇದ್ದ, ಅವನ ಕೂಡ ಈ ಆಟ ಕಲ್ತೆ, ಅವನಂಥಾ ಆಟಗಾರನ್ನ ನೋಡಿಲ್ಲ ಅಂತ ಮಾತ್ರ ಹೇಳ್ತಿದ್ರು."

ಅರ್ಜುಮಂದ ಡಬ್ಬಿಯನ್ನು ಎದೆಗವಚಿಕೊಂಡು ಕುಳಿತಿದ್ದರು. ಅಳು ಬರಲಿಲ್ಲ. "ದೋಸ್ತ್," ಎಂದರು, ಆ ಶಬ್ದ ಮೊದಲ ಸಲ ಕೇಳಿದವರಂತೆ.

ಶಿವಬಸಮ್ಮನವರನ್ನು ಬೇರೆಯಾಗಿ ಕೇಳಿದೆ. ದವಾಖಾನೆಗೆ ಜೊತೆಗೆ ಹೋದವರು ಅವರೇ. "ಹೋದ ವರ್ಷ ರೀ. ಸೋಮವಾರ. ನನ್ನ ಒಪ್ಪತ್ತು ಇತ್ತು, ಆವತ್ತು ರಾತ್ರಿನೂ ಉಣಲಿಲ್ಲ," ಎಂದರು. ಹೋದ ವರ್ಷದ ಶಬೇ ಬರಾತ್ ಮರುದಿನವೂ ಸೋಮವಾರವೇ; ಇಬ್ಬರ ಹೇಳಿಕೆಗಳೂ ಒಂದೇ ದಿನಕ್ಕೆ ಬಂದು ಕೂಡಿದವು.

ಸಂಜೆ ಸಬಾ ಮತ್ತು ಮಗುವನ್ನು ಕರೆದುಕೊಂಡು ಶಹಾಪುರಕ್ಕೆ ಬಂದೆವು. ಗೌಹರಬೇಗಂ ಬಾಗಿಲಲ್ಲೇ ನಿಂತಿದ್ದರು. ಬಸ್ಸಿನಿಂದ ಇಳಿದು ಬಂದವರಲ್ಲಿ ಮಗನಿಲ್ಲದ್ದನ್ನು ನೋಡಿದರು. ಸೊಸೆಯನ್ನು ನೋಡಿದರು. ಮೊಮ್ಮಗಳನ್ನು ನೋಡಿದರು. ಅರ್ಜುಮಂದ ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಮಾಡಿ ತಡೆದು, ಮಗುವನ್ನು ಎತ್ತಿಕೊಂಡು ನನ್ನ ಕಡೆ ತಿರುಗಿದರು.

"ಮೇಡಂ, ನೀವು ಬರಕೊಂಡಿರ್ತೀರಿ. ಫಾತೆಹಾಕ್ಕ ದಿನ ಬೇಕು. ತಾರೀಖು ಹೇಳ್ರಿ. ಪರ್ಸೂಂ ಗಿರ್ಸೂಂ ಬ್ಯಾಡ."

ಹೇಳಿದೆ. ಅವರ ಅಪೇಕ್ಷೆಯಂತೆ ಅದನ್ನೇ ಇಲ್ಲಿ ನಮೂದಿಸಲಾಗಿದೆ: ಏಜಾಜ, ತಂದೆ ಜಲಾಲುದ್ದೀನ, ತಾಯಿ ಗೌಹರಬೇಗಂ, ಶಹಾಪುರ. ಮರಣ ಯಾದಗಿರಿಯಲ್ಲಿ, ೨೬ ಫೆಬ್ರುವರಿ ೨೦೨೪, ಸೋಮವಾರ.