ಗಂಗಕ್ಕನ ನಿಧಾನ

ಹೊನ್ನವಳ್ಳಿಯ ಶಂಭುಲಿಂಗಯ್ಯನವರ ಮನೆಯಲ್ಲಿ ಇನ್ನೂ ಹಾಲು ಕಾಯಿಸಿಲ್ಲ. ದೇವರ ಗೂಡಿನ ದೀಪ ಮಾತ್ರ ಹತ್ತಿದೆ. ಅಟ್ಟಕ್ಕೆ ಒರಗಿಸಿದ ಏಣಿಯ ತುದಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಒಂದು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಎತ್ತಿಕೊಳ್ಳುತ್ತಾರೆ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಕಣ್ಣು ಮುಚ್ಚಿ ಕೇಳಿ, ಪಕ್ಕಕ್ಕಿಟ್ಟು, ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ.

ಜೊತೆಯ ಕೆಲಸದವರಾದ ನಿಂಗಮ್ಮ ಕೆಳಗಿನಿಂದ ಕೇಳುತ್ತಾರೆ: “ಏನಕ್ಕ, ಕಾಯಿ ಏನಂತೈತೆ?”

“ಇದಿನ್ನೂ ಬಾಯಿ ಬುಟ್ಟಿಲ್ಲ ಕಣೇ.”

“ನೀನು ಹಿಂಗೇ ಕೇಳ್ತಾ ಕೂತಿರು. ಆ ಹುಡುಗಿ ಮದ್ವೆ ಆಗಿ ಬಾಣಂತನಕ್ಕೇ ಬತ್ತಾಳೆ.”

ಅಟ್ಟದ ಮೇಲಿನವರು ನಗುತ್ತಾರೆ. ಕೈ ಮಾತ್ರ ಮೊದಲಿನ ಹಾಗೆಯೇ ಆಡುತ್ತದೆ.

ಇವರು ಗಂಗಕ್ಕ. ಇದೇ ಊರಿನವರು. ತಿಪಟೂರಿನ ಒಂದು ಕೊಬ್ಬರಿ ಗೋದಾಮಿನಲ್ಲಿ ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಕೆಲಸ. ಕೆಲಸಕ್ಕೆ ಕರೆದರೆ ಹೀಗೆ ಮನೆಗಳಿಗೂ ಬರುತ್ತಾರೆ. ವರ್ಷದ ಹತ್ತಿರ ಅಟ್ಟದಲ್ಲಿ ಬಿದ್ದಿರುವ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ತಾನಾಗಿಯೇ ಚಿಪ್ಪಿನಿಂದ ಬಿಡುತ್ತದೆ. ಆಗ ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟಲೊಟ ಎನ್ನುತ್ತದೆ. ಆ ಸದ್ದು ಬರುವ ಒಂದೇ ಒಂದು ಕಾಯಿ ಈಗ ಈ ಮನೆಗೆ ಬೇಕಾಗಿದೆ.

ಶಂಭುಲಿಂಗಯ್ಯನವರ ಮೊಮ್ಮಗಳು ಜೀವಿತಾಳ ಮದುವೆ ಬರುವ ಬುಧವಾರ. ಈ ಕಡೆ ಮದುಮಗಳ ಮಡಿಲು ತುಂಬುವಾಗ ಅಕ್ಕಿ, ಬೆಲ್ಲ, ಎಲೆ ಅಡಿಕೆಯ ಜೊತೆಗೆ ಕೊಬ್ಬರಿಯ ಜೋಡಿ ಗಿಟುಕು ಇಡುತ್ತಾರೆ. ಒಂದೇ ಉಂಡೆಯನ್ನು ಸಮನಾಗಿ ಎರಡು ಹೋಳು ಮಾಡಿ, ಮೇಲಿನ ಕಂದು ಸಿಪ್ಪೆಯನ್ನು ಸಣ್ಣಗೆ ಕೆರೆದು, ಬಿಳುಪಿನಲ್ಲಿ ಹೂವು ಬಳ್ಳಿ ಮೂಡಿಸಿರುತ್ತಾರೆ. ಆ ಕಾಯಿ ತವರಿನ ತೋಟದ್ದಾಗಿರಬೇಕು, ತವರಿನ ಅಟ್ಟದಲ್ಲೇ ಒಣಗಿರಬೇಕು. ಮದುವೆ ಯುಗಾದಿ ಕಳೆದ ಮೇಲೆ ಎಂದುಕೊಂಡು ಹೋದ ವರ್ಷ ಯುಗಾದಿ ಮುಗಿದೊಡನೆ ಈ ಕಾಯಿಗಳನ್ನು ಅಟ್ಟಕ್ಕೆ ಏರಿಸಿದ್ದರು. ಗಂಡಿನ ಅಜ್ಜಿಗೆ ಕಾಯಿಲೆ ಜೋರಾಗಿ, ಅವರ ಕಣ್ಣಮುಂದೆಯೇ ಆಗಲೆಂದು ಮದುವೆಯನ್ನು ಎರಡು ತಿಂಗಳು ಮೊದಲೇ ಇಟ್ಟುಕೊಂಡರು. ಹಳೆಯ ಕಾಯೆಲ್ಲ ಮಾರಿ ಆಗಿದೆ. ಹೊಸದು ಇನ್ನೂ ಒಣಗಿಲ್ಲ.

ಬಲವಂತವಾಗಿ ಚಿಪ್ಪಿನಿಂದ ಎಬ್ಬಿಸಿದರೆ ಉಂಡೆ ಸೀಳಿಹೋಗುತ್ತದೆ. ಹಸಿ ಉಳಿದರೆ ನಾಲ್ಕು ದಿನಕ್ಕೆ ಬೂಸಲು ಹಿಡಿಯುತ್ತದೆ. ಮಡಿಲಿನ ಗಿಟುಕಿಗೆ ಬೂಸಲು ಬಂದರೆ ಅದರ ಮಾತನ್ನು ಹೆಣ್ಣುಮಗಳು ಗಂಡನ ಮನೆಯಲ್ಲಿ ಬಹಳ ಕಾಲ ಕೇಳಬೇಕಾಗುತ್ತದೆ. ಜೀವಿತಾಳ ಅಜ್ಜಿ ಶಿವರುದ್ರಮ್ಮನವರಿಗೆ ಈ ಯೋಚನೆಯಲ್ಲೇ ನಿದ್ದೆ ಹತ್ತುತ್ತಿಲ್ಲ.

“ಬಿಸಿಲಿಗಾದ್ರೂ ಹಾಕೇ ಗಂಗಾ, ಇಲ್ಲ ಹೊಗೆನಾದ್ರೂ ಕೊಡೇ” ಎಂದು ಅವರು ಕೇಳಿದ್ದಾರೆ.

“ಹೊಗೆ ಕೊಟ್ರೆ ಮೇಲಷ್ಟೇ ಒಣಗ್ತೈತೆ ಅಮ್ಮಾರೆ, ಒಳಗೆ ಅಳ್ತಾ ಇರ್ತೈತೆ. ಇಷ್ಟು ಕಾಯೊಳಗೆ ಮುಂಚೆ ಎದ್ದಿರೋದು ಒಂದಾದ್ರೂ ಇರಾಕಿಲ್ವಾ? ನೋಡ್ತೀನಿ ತಡೀರಿ” ಎಂದು ಗಂಗಕ್ಕ ಏಣಿ ಹತ್ತಿದ್ದಾರೆ. ಬಸ್ಸಿನ ಹೊತ್ತಾಗುವವರೆಗೆ ಹುಡುಕಿ, ಗೋದಾಮಿಗೆ ಹೋಗಿ, ಮರುದಿನ ಬೆಳಗಿನ ಜಾವ ನಿಲ್ಲಿಸಿದ ಕಡೆಯಿಂದ ಮತ್ತೆ ಶುರು ಮಾಡುತ್ತಾರೆ.

ಗಂಗಕ್ಕನ ನಿಧಾನ ಊರಿಗೆಲ್ಲ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಮುದ್ದೆ ಕಟ್ಟುವುದರೊಳಗೆ ಸಾರು ಆರುತ್ತದೆ ಎಂದು ಅತ್ತೆ ಬೀದಿಗೆಲ್ಲ ಹೇಳುತ್ತಿದ್ದರಂತೆ. ರಾಗಿ ಕಳೆ ತೆಗೆಯಲು ಹೋದರೆ ಸಾಲಿನಲ್ಲಿ ಕೊನೆಯವರು ಇವರೇ. ಎರಡನೆಯ ದಿನಕ್ಕೆ ಯಾರೂ ಕರೆಯುತ್ತಿರಲಿಲ್ಲ. ನಾರಿನ ಫ್ಯಾಕ್ಟರಿಯಲ್ಲಿ ಒಂದು ವಾರ ಇಟ್ಟುಕೊಂಡು ಕಳಿಸಿದರು. ಗಂಡ ಹುಚ್ಚರಂಗಯ್ಯ ಹಿಟ್ಟಿನ ಗಿರಣಿಯಲ್ಲಿ ದುಡಿದು ತರುತ್ತಿದ್ದುದರಲ್ಲೇ ಮಕ್ಕಳು ಬೆಳೆದವು.

“ನನ್ಗೂ ನನ್ನ ಕೈ ಮೇಲೆ ಸಿಟ್ಟಿತ್ತು ಸ್ವಾಮಿ. ಎಲ್ರಿಗೂ ಬರೋ ಬಿರುಸು ನನ್ಗ್ಯಾಕೆ ಕೊಡಲಿಲ್ಲ ಅಂತ ದೇವರ ಮುಂದೆ ಅತ್ತಿದ್ದೀನಿ” ಎಂದು ನನಗೆ ಹೇಳುತ್ತಾರೆ.

ಕೊನೆಗೆ ಆ ಕೈಗೆ ತಕ್ಕ ಕೆಲಸ ಕೊಬ್ಬರಿಯಲ್ಲಿ ಸಿಕ್ಕಿತು. ಬೇರೆಯವರು ಮೂರು ಚೀಲ ತುಂಬಿಸುವಷ್ಟರಲ್ಲಿ ಇವರು ಎರಡು ತುಂಬಿಸುತ್ತಾರೆ. ಚೀಲದ ಲೆಕ್ಕದಲ್ಲಿ ಕೂಲಿಯಾದ್ದರಿಂದ ಕೈಗೆ ಬರುವುದೂ ಅಷ್ಟಕ್ಕಷ್ಟೇ. ಆದರೆ ಇವರ ಚೀಲದಲ್ಲಿ ಒಡಕು ಕಾಣುವುದು ಅಪರೂಪ. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಉಳಿದವರು ಅಡ್ಡಾಗುವ ಹೊತ್ತಿನಲ್ಲಿ, ಮುರಿದ ಗರಗಸದ ಬ್ಲೇಡನ್ನು ಕಲ್ಲಿಗೆ ಮಸೆದು, ಬೇಡವೆಂದು ಎಸೆದ ಹೋಳುಗಳ ಮೇಲೆ ಗೀರುವುದನ್ನು ಗಂಗಕ್ಕ ತಾವೇ ಕಲಿತರು. ಮೊದಲು ರಂಗೋಲಿಯ ಎಳೆ, ಆಮೇಲೆ ಸೇವಂತಿಗೆ, ಗಿಳಿ, ಬಸವಣ್ಣ. ಈಗ ಸುತ್ತಿನ ಊರುಗಳಿಂದ ಮಡಿಲಿನ ಗಿಟುಕಿಗೆ ಇವರನ್ನು ಹುಡುಕಿ ಬರುತ್ತಾರೆ. ಅದಕ್ಕೆ ಅವರು ಕೂಲಿ ತೆಗೆದುಕೊಳ್ಳುವುದಿಲ್ಲ. ಎಲೆ ಅಡಿಕೆ, ರವಿಕೆ ಕಣ ಕೊಟ್ಟರೆ ಸಾಕು.

“ಮನ್ಸಿಗೆ ಏನಾರ ಬೇಜಾರಾದ್ರೆ ಒಂದು ಹೋಳು ಹಿಡ್ಕಂಡು ಕೂತ್ಕೋತೀನಿ. ಹೂವು ಮುಗಿಯೋ ಹೊತ್ಗೆ ಬೇಜಾರು ಎತ್ಲಾಗೋ ಹೋಗಿರ್ತದೆ. ಇದೂ ಒಂದು ಇಲ್ದಿದ್ರೆ ನಾನು ಯಾರ ಮೇಲೆ ಕೂಗಾಡ್ತಿದ್ನೋ.”

“ನನ್ಮೇಲೇ” ಎನ್ನುತ್ತಾರೆ ನಿಂಗಮ್ಮ.

ಕಳೆದ ಶ್ರಾವಣದಲ್ಲಿ ನನ್ನ ಹೆಂಡತಿ ತೀರಿಕೊಂಡಾಗ ಮುತ್ತೈದೆಯೆಂದು ಕೊನೆಯ ಮಡಿಲು ತುಂಬಿದರು. ಬೀದಿಯ ಹೆಂಗಸರಲ್ಲಿ ಯಾರೋ ತಂದಿಟ್ಟ ಗಿಟುಕಿನ ಮೇಲೆ ತುಂಬೆ ಹೂವು ಕೆತ್ತಿತ್ತು. ದಿನವೂ ಪೂಜೆಗೆ ತುಂಬೆ ಬಿಡಿಸಿ ತರುತ್ತಿದ್ದವರು ಆಕೆ. ಅದು ಯಾರ ಕೈಯದು ಎಂದು ಕೇಳುವ ಶಕ್ತಿ ಆ ದಿನ ಇರಲಿಲ್ಲ. ಕೆಲವು ತಿಂಗಳ ಮೇಲೆ ಕೇಳಿಕೊಂಡು ಬಂದು ಈ ಏಣಿಯ ಕೆಳಗೆ ನಿಂತಿದ್ದೇನೆ.

“ತುಂಬೆ ಹೂವಾ? ನಂದೇ ಸ್ವಾಮಿ. ಅಮ್ಮಾರು ಬೇಲಿ ಸಾಲಲ್ಲಿ ಬಗ್ಗಿ ಬಿಡಿಸೋದ ನೋಡಿದ್ದೆ. ಆ ಹೂವು ಬಲು ಸಣ್ಣದು. ಅದಕ್ಕೆ ನನ್ನಂಥ ಕೈಯೇ ಬೇಕು.”

ಈಗ ದೇವರ ಮುಂದೆ ಏನು ಕೇಳುತ್ತೀರಿ ಎಂದರೆ ಕೈಯಲ್ಲಿದ್ದ ಕಾಯಿಯನ್ನು ಪಕ್ಕಕ್ಕಿಡುತ್ತಾರೆ. “ಏನೂ ಇಲ್ಲ ಕಣ್ ಸ್ವಾಮಿ. ನಂಗೆ ಕೊಟ್ಟಿರೋ ನಿಧಾನ ಹಿಂದಕ್ಕೆ ತಗೋಬ್ಯಾಡ ಅಂತೀನಿ. ಸಿಟ್ಟು ಮಾಡ್ಕಂಡಿದ್ನಲ್ಲ, ಅದ ಮನ್ಸಲ್ಲಿ ಇಟ್ಕಬ್ಯಾಡಪ್ಪ ಅಂತೀನಿ.”

ಭಾನುವಾರ ಬೆಳಿಗ್ಗೆ ಮತ್ತೆ ಹೋದಾಗ ಅಟ್ಟದಲ್ಲಿ ಹುಡುಕಲು ಒಂದು ಮೂಲೆ ಮಾತ್ರ ಉಳಿದಿದೆ. ಶಿವರುದ್ರಮ್ಮ ಜಪದ ಸರ ಹಿಡಿದು ಕಂಬಕ್ಕೆ ಒರಗಿದ್ದಾರೆ. ತಿಪಟೂರಿನ ಅಂಗಡಿಯಿಂದ ಉಂಡೆ ಕೊಬ್ಬರಿ ತರಿಸುವುದೆಂದು ರಾತ್ರಿಯೇ ಮಾತಾಗಿದೆ. ಆ ಮಾತನ್ನು ಯಾರೂ ಗಂಗಕ್ಕನಿಗೆ ಹೇಳಿಲ್ಲ.

ಅಟ್ಟದ ಮೇಲೆ ಸದ್ದು ನಿಲ್ಲುತ್ತದೆ. ಗಂಗಕ್ಕ ಕೈಯಲ್ಲಿರುವ ಕಾಯಿಯನ್ನು ಎರಡು ಸಲ ಅಲ್ಲಾಡಿಸಿ, ಎದೆಗೆ ಅವುಚಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಅದನ್ನು ಶಿವರುದ್ರಮ್ಮನವರ ಕಿವಿಯ ಬಳಿ ಹಿಡಿಯುತ್ತಾರೆ. ಲೊಟಲೊಟ. ಮುದುಕಿ ಜಪದ ಸರವನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಸಿಪ್ಪೆ ಸುಲಿದು, ಕತ್ತಿಯ ಹಿಂಬದಿಯಿಂದ ಚಿಪ್ಪಿನ ಸುತ್ತ ತಟ್ಟುತ್ತಾ ಬರಲು ಕಾಫಿ ಆರುವಷ್ಟು ಹೊತ್ತು ಹಿಡಿಯುತ್ತದೆ. ಯಾರೂ ಅವಸರ ಮಾಡುವುದಿಲ್ಲ. ಚಿಪ್ಪು ಎರಡಾಗಿ, ಒಂದು ಗೀರೂ ಇಲ್ಲದ ಉಂಡೆ ಗಂಗಕ್ಕನ ಅಂಗೈಗೆ ಉರುಳುತ್ತದೆ.

ಮಂಗಳವಾರ ಸಂಜೆ ಜೋಡಿ ಗಿಟುಕು ದೇವರ ಗೂಡಿನ ಮುಂದಿದೆ. ಒಂದರ ಮೇಲೆ ವಾಡಿಕೆಯಂತೆ ಬಳ್ಳಿ, ಬಳ್ಳಿಯ ಮೇಲೆ ಜೋಡಿ ಗಿಳಿ. ಇನ್ನೊಂದನ್ನು ಎತ್ತಿ ನೋಡಿದ ಶಿವರುದ್ರಮ್ಮನವರ ಹುಬ್ಬು ಗಂಟಾಗುತ್ತದೆ.

“ಏನೇ ಇದು ಗಂಗಾ? ಮಡಿಲಿಗೆ ಯಾರಾದ್ರೂ ಬಸ್ಸು ಹಾಕ್ತಾರೇನೇ?”

ಬಸ್ಸೇ ಹೌದು. ಬೆಳಿಗ್ಗೆ ತಿಪಟೂರಿಗೆ ಹೋಗುವ ಬಸ್ಸು. ಕಿಟಕಿಗಳು, ಕಿಟಕಿಯಲ್ಲಿ ಸಣ್ಣ ಸಣ್ಣ ತಲೆಗಳು. ಬಾಗಿಲು ತೆರೆದಿದೆ. ಮೆಟ್ಟಿಲ ಮೇಲೆ ಜಡೆಯ ಹುಡುಗಿಯೊಬ್ಬಳು ಕೈ ಎತ್ತಿ ನಿಂತಿದ್ದಾಳೆ.

ಜೀವಿತಾ ಅದನ್ನು ಅಜ್ಜಿಯ ಕೈಯಿಂದ ಇಸಿದುಕೊಂಡು ನೋಡುತ್ತಾಳೆ. ಅವಳು ತಿಪಟೂರಿನಲ್ಲಿ ಕಾಲೇಜು ಓದಿದಷ್ಟು ವರ್ಷವೂ ಗಂಗಕ್ಕನದು ಅದೇ ಬಸ್ಸು. ಗಂಗಕ್ಕ ದೂರದಲ್ಲಿ ಬರುವುದು ಕಾಣುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರುತ್ತಿದ್ದ. ಮೆಟ್ಟಿಲ ಮೇಲೆ ನಿಂತು, “ತಡೀರಿ, ಗಂಗಜ್ಜಿ ಬತ್ತಾ ಐತೆ” ಎಂದು ಕೂಗುತ್ತಿದ್ದವಳು ಇವಳು.

“ಎಲ್ರೂ ಬ್ಯಾಗ ಬಾ ಅಂದೋರೆ ಕಣ್ ಸ್ವಾಮಿ. ನಿಲ್ಸಿದೋಳು ಇವಳೊಬ್ಳು” ಎನ್ನುತ್ತಾರೆ ಗಂಗಕ್ಕ, ಬ್ಲೇಡನ್ನು ಸೆರಗಿನಲ್ಲಿ ಒರೆಸುತ್ತಾ.

ಶಿವರುದ್ರಮ್ಮ ಗಿಟುಕನ್ನು ಮೊಮ್ಮಗಳ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ದೀಪದ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಬಸ್ಸಿಗೂ ಗಿಳಿಗಳಿಗೂ ಒಂದೊಂದು ಬೊಟ್ಟು ಕುಂಕುಮ ಇಟ್ಟು, ಎರಡನ್ನೂ ಮಡಿಲಿನ ಅಕ್ಕಿಯ ಮೇಲೆ ಇಡುತ್ತಾರೆ.