ಬೆನ್ನಿಲ್ಲದ ಹೋಟ್ಲು

ನಾನು ಚೆನ್ನಕೇಶವ, ಆಂಡರ್ಸನ್‌ಪೇಟೆಯ ಬಡಗಿ. ನಲವತ್ತು ವರ್ಷದಿಂದ ಮರ ಕೊಯ್ಯುತ್ತಿದ್ದೇನೆ. ನಾನು ಮಾಡಿಕೊಟ್ಟ ಬಾಗಿಲು, ಮಂಚ, ತೊಟ್ಟಿಲು ಯಾವುದರ ಬಗ್ಗೆಯೂ ನನಗೆ ನಾಚಿಕೆಯಿಲ್ಲ. ಒಂದು ಮುಕ್ಕಾಲಿಯನ್ನು ಕಂಡರೆ ಮಾತ್ರ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಅದು ಬಂಗಾರಪೇಟೆ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ, ಗಲ್ಲಾಪೆಟ್ಟಿಗೆಯ ಹಿಂದೆ ಇದೆ. ಅದರ ಮೇಲೆ ಶಶಿರೇಖ ಇಪ್ಪತ್ತೇಳು ವರ್ಷದಿಂದ ಕೂತಿದ್ದಾಳೆ.

ಹೋಟೆಲು ತೆಗೆದದ್ದು ಅವಳ ಮಾವ ಮುನಿಸ್ವಾಮಪ್ಪ. ಬೆಂಚು ಮಾಡಲು ನನ್ನನ್ನು ಕರೆಸಿದಾಗ, ಹಿಂದೆ ಬೆನ್ನಿಟ್ಟು ಒರಗುವ ಹಾಗೆ ಮಾಡಿದರೆ ಇಷ್ಟು ಮರ ಬೇಕಾಗುತ್ತದೆ ಎಂದೆ. ಮುದುಕ ಸಿಡುಕಿದ.

"ಬೆನ್ನು ಯಾರ್ಲಾ ಕೇಳಿದ್ದು ನಿನ್ನ? ಒರಗಿದೋನು ಪೇಪರ್ ಬಿಚ್ತಾನೆ. ಪೇಪರ್ ಬಿಚ್ಚಿದೋನು ಎದ್ದೋಗಲ್ಲ. ಇವ್ರೆಲ್ಲ ರೈಲಿಗೆ ಓಗೋ ಜನ. ತಿನ್ಬೇಕು, ಕೈ ತೊಳ್ಕೋಬೇಕು, ಓಗ್ತಾ ಇರ್ಬೇಕು!"

ಸರಿ, ಎಂಟು ಬೆಂಚು ಮಾಡಿದೆ, ಒಂದಕ್ಕೂ ಬೆನ್ನಿಲ್ಲ. ಉಳಿದ ತುಂಡಿನಲ್ಲಿ ಗಲ್ಲಾಕ್ಕೊಂದು ಮುಕ್ಕಾಲಿ ಮಾಡು ಎಂದ. ಅಲ್ಲಿ ಕೂತವರಿಗೂ ನಿದ್ದೆ ಬರಬಾರದಂತೆ! ಅದೇ ವರ್ಷ ಶಶಿರೇಖ ಬೇತಮಂಗಲದಿಂದ ಸೊಸೆಯಾಗಿ ಬಂದಳು. ಗಂಡ ಮುನಿರಾಜು ಒಲೆಯ ಮುಂದೆ, ಮಾವ ಬಾಗಿಲಲ್ಲಿ. ಗಲ್ಲಾಕ್ಕೆ ಮನೆಯವರೇ ಆಗಬೇಕಲ್ಲ. ಮದುವೆಯ ಅರಿಶಿನ ಮಾಸುವ ಮುಂಚೆ ಹುಡುಗಿಯನ್ನು ಮುಕ್ಕಾಲಿ ಮೇಲೆ ಕೂರಿಸಿದರು.

ಬೋರ್ಡಿನ ಮೇಲೆ 'ಶ್ರೀ ಗಂಗಮ್ಮ ಟಿಫನ್ ರೂಂ' ಎಂದಿತ್ತು. ಅದನ್ನು ಓದಿದವರೇ ಇಲ್ಲ. ಕೆಜಿಎಫ್ ಫ್ಯಾಕ್ಟರಿಯವರು ಫೋನಿನಲ್ಲಿ, "ಬೆನ್ನಿಲ್ಲದ ಹೋಟ್ಲತ್ರ ನಿಂತಿರು, ಬತ್ತೀನಿ" ಎನ್ನುವರು. ಅಲ್ಲಿಂದ ಅದೇ ಹೆಸರಾಯಿತು. ರಾಬರ್ಟ್‌ಸನ್‌ಪೇಟೆಯಲ್ಲಿ ಸೋಫಾ ಹಾಕಿ, ಕೆಂಪು ದಿಂಬು ಇಟ್ಟು ತೆಗೆದ ಹೋಟೆಲುಗಳು ಬಂದವು, ಮುಚ್ಚಿದವು. ಅವುಗಳ ಹೆಸರು ಈಗ ಯಾರಿಗೂ ನೆನಪಿಲ್ಲ. ಇದು ಮಾತ್ರ ನಡೆಯುತ್ತಲೇ ಇತ್ತು.

ಮುದುಕ ತೀರಿಹೋದ ಮೇಲೂ ಮುನಿರಾಜು ಒಲೆ ಬಿಟ್ಟು ಈಚೆ ಬರಲಿಲ್ಲ, ಶಶಿರೇಖಳ ಮಗ ಅನಿಲ್ ಕೈಗೆ ಹೋಟೆಲು ಬಂತು. ಹೋಟೆಲಿನ ಕೋರ್ಸು ಓದಿದವನು. ಗಂಗಮ್ಮನ ಬೋರ್ಡು ಇಳಿಸಿ ಜನರಿಟ್ಟ ಹೆಸರನ್ನೇ ದೊಡ್ಡದಾಗಿ ಬರೆಸಿದ. ಕೆಳಗೊಂದು ಚಿತ್ರ: ಮುಕ್ಕಾಲಿ, ಅದರ ಮೇಲೆ ಕಂಬದ ಹಾಗೆ ನೆಟ್ಟಗೆ ಕೂತ ಒಬ್ಬ ಹೆಂಗಸು. ಅದು ಶಶಿರೇಖ. ಪಾರ್ಸಲ್ ಚೀಲದ ಮೇಲೆ ಅವಳೇ, ಕಾಫಿ ಕಪ್ಪಿನ ಮೇಲೆ ಅವಳೇ. ಭಾನುವಾರ ಕಾರಿನಲ್ಲಿ ಬಂದವರು ಮೊದಲು ಬೋರ್ಡನ್ನು ನೋಡಿ, ಆಮೇಲೆ ಒಳಗೆ ಬಂದು ಅವಳನ್ನು ನೋಡಿ, "ಇವರೇ, ಇವರೇ!" ಎಂದು ಫೋಟೋ ಹೊಡೆಯತೊಡಗಿದರು. ಹುಡುಗ ಜಾಣನೇ, ಇಲ್ಲವೆನ್ನುವುದಿಲ್ಲ. ನನ್ನ ಕೈಕೆಲಸ ಒಂದು ಹೋಟೆಲಿನ ಮುಖವಾಯಿತಲ್ಲ ಎಂದು ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ!

ಹೋದ ಆಷಾಢದಲ್ಲಿ ಅಲುಗಾಡುವ ಬೆಂಚಿನ ಕಾಲು ಬಿಗಿ ಮಾಡಲು ಹೋಗಿದ್ದೆ. ಶಶಿರೇಖ ಮೆಲ್ಲಗೆ ಕರೆದಳು.

"ಕೇಶವಣ್ಣ, ನನ್ಗೊಂದು ಕುರ್ಚಿ ಮಾಡ್ಕೊಡ್ತೀಯಾ? ಬೆನ್ನಿರೋದು."

"ಯಾಕಮ್ಮಾ?"

"ಬೆನ್ನು ಮೂಳೆ ಸವೆದೋಗೈತಂತೆ. ಒರಗಿ ಕೂತ್ಕೊಳ್ಳಿ, ಇಲ್ಲಾಂದ್ರೆ ಮುಂದೆ ಏಳೋಕೇ ಆಗಲ್ಲ ಅಂದ್ರು ಡಾಕ್ಟ್ರು. ರಾತ್ರಿ ಮಗ್ಗುಲಾಗೋಕೂ ಗೋಡೆ ಇಡ್ಕೋಬೇಕು ಕಣಣ್ಣ."

ನನಗೆ ಯಾರೋ ಉಳಿಯಿಂದ ಚುಚ್ಚಿದ ಹಾಗಾಯಿತು. ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ತೇಗದಲ್ಲಿ ಕುರ್ಚಿ ಮಾಡಿದೆ. ಅಗಲವಾದ ಆಸನ, ಕೈಯಿಡಲು ಜಾಗ, ಹಿಂದಕ್ಕೆ ಸ್ವಲ್ಪ ವಾಲಿದ ಬೆನ್ನು. ಹಗ್ಗ ಬಿಗಿದು ಆಟೋದಲ್ಲಿ ನಾನೇ ತಂದು ಗಲ್ಲಾದ ಹಿಂದಿಟ್ಟೆ. ಬೆಳಗಿನ ಟಿಫನ್ನಿನ ಹೊತ್ತು, ಬೆಂಚುಗಳೆಲ್ಲ ತುಂಬಿದ್ದವು.

ಅನಿಲ್ ಓಡಿ ಬಂದ. "ಕೇಶವ ಮಾಮ, ಇದೇನು? ಕುರ್ಚಿ ಎಲ್ಲಾ ಹೋಟ್ಲಲ್ಲೂ ಐತೆ. ಬೋರ್ಡ್ ಮೇಲೆ ಅಮ್ಮ ಮುಕ್ಕಾಲೀಲಿ, ಒಳಗೆ ಕುರ್ಚೀಲಿ ಅಂದ್ರೆ ಜನ ನಗಲ್ವಾ?"

"ನಗಲಿ ಬಿಡ್ಲಾ! ಅವ್ಳು ನಿಮ್ಮಮ್ಮನಾ, ಬೋರ್ಡಾ?"

ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ದಿನಾ ಬರುವ ಒಬ್ಬ ಕೂಗಿದ, "ಬೆನ್ನಿಲ್ಲದ ಹೋಟ್ಲಿಗೆ ಬೆನ್ನು ಬಂತು ಕಣ್ರೋ!" ಎಂಟು ಬೆಂಚೂ ನಕ್ಕವು. ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಗೇ. ಶಶಿರೇಖ ತಾನೂ ನಕ್ಕಳು. ಕುರ್ಚಿಯನ್ನು ಅತ್ತ ಸರಿಸಿ ಮುಕ್ಕಾಲಿ ಎಳೆದುಕೊಂಡು ಕೂತಳು. ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ಆ ನಗುವನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ಕಾಫಿ ಕುಡಿಯದೆ ಹೊರಟು ಬಂದೆ.

ಅನಿಲನೇನು ಕಟುಕನಲ್ಲ. ಕುರ್ಚಿಯನ್ನು ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕ ಹಾಕಿಸಿದ. ಮಧ್ಯಾಹ್ನ ಮೂರರಿಂದ ನಾಲ್ಕು ಗಂಟೆವರೆಗೆ ಗಿರಾಕಿ ಇರುವುದಿಲ್ಲ, ಆಗ ಕೂತುಕೋ ಎಂದ. ಮಗನಿಗೆ ನೋವಾಗಬಾರದು, ಹೋಟೆಲಿನ ಹೆಸರೂ ಹೋಗಬಾರದು, ಬೆನ್ನೂ ಉಳಿಯಬೇಕು. ಶಶಿರೇಖ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದಳು. ಹೂಂ ಅಂದಳು. ಅವಳು ಯಾವತ್ತು ಉಹೂಂ ಅಂದಿದ್ದಾಳೆ?

ಮನಸ್ಸು ತಡೆಯದೆ ಮೊನ್ನೆ ಮೂರು ಗಂಟೆಗೆ ಹೋದೆ. ಕುರ್ಚಿಯಲ್ಲಿ ಕೂತಿದ್ದಳು. ಕಂಡು ಸಂತೋಷಪಡಬೇಕು ಅನ್ನುವಷ್ಟರಲ್ಲಿ ಕಣ್ಣಿಗೆ ಬಿತ್ತು: ಆಸನದ ತುದಿಯಲ್ಲಿ, ಕೈ ಮಡಿಲಲ್ಲಿಟ್ಟು, ನೆಟ್ಟಗೆ ಕೂತಿದ್ದಾಳೆ, ಥೇಟ್ ಬೋರ್ಡಿನ ಚಿತ್ರ. ಅವಳ ಬೆನ್ನಿಗೂ ಕುರ್ಚಿಯ ಬೆನ್ನಿಗೂ ನಡುವೆ ಒಂದು ಗೇಣು ಜಾಗ.

"ಒರಗಮ್ಮಾ," ಎಂದೆ.

ಸ್ವಲ್ಪ ಹಿಂದಕ್ಕೆ ವಾಲಿದಳು. ಬೆಚ್ಚಿದವಳಂತೆ ಎರಡು ಕೈಯಲ್ಲೂ ಕುರ್ಚಿ ಹಿಡಿದು ಮತ್ತೆ ನೆಟ್ಟಗಾದಳು.

"ಆಗಲ್ಲ ಕಣಣ್ಣ. ದಿನಾ ನೋಡ್ದೆ. ಇಂದಕ್ಕೆ ಬಿದ್ದೋಗ್ತೀನೇನೋ ಅನ್ನಿಸ್ತದೆ. ಇಷ್ಟು ವರ್ಷ ಇಂದ್ಗಡೆ ಏನೂ ಇರ್ಲಿಲ್ಲ ನೋಡು."

ಅವಳೇ ನನ್ನನ್ನು ಸಮಾಧಾನ ಮಾಡುವ ಹಾಗೆ ಹೇಳಿದಳು.

"ಒಂದ್ ಕೆಲ್ಸ ಮಾಡು. ಇದ್ರ ಬೆನ್ನು ಕುಯ್ದ್ಬಿಡು. ಆಗ ಗಲ್ಲಾದತ್ರಾನೇ ಆಕ್ಕೋಬೋದು. ಅನಿಲ್ಗೂ ಬೇಜಾರಿರಲ್ಲ."

"ಗರಗಸ ತಂದಿಲ್ಲಮ್ಮಾ," ಎಂದೆ.

ಗರಗಸ ನನ್ನ ಹೆಗಲ ಚೀಲದಲ್ಲೇ ಇತ್ತು, ಅದರ ಹಿಡಿ ಹೊರಗೆ ಕಾಣುತ್ತಿತ್ತು. ಅವಳು ಅದನ್ನು ನೋಡಿದಳು, ಕೈಯನ್ನು ಮತ್ತೆ ಮಡಿಲಲ್ಲಿಟ್ಟು ನೆಟ್ಟಗೆ ಕೂತಳು.