ಕಸದ ಬುಟ್ಟಿಯಲ್ಲಿಟ್ಟ ದನಿ

ಪಕ್ಕದ ಮನೆಯಲ್ಲಿ ಕೊತ್ತಂಬರಿ ಹುರಿಯುತ್ತಿದ್ದಾರೆ. ಆ ಪರಿಮಳಕ್ಕೆ ನನಗೆ ಕಂಪ್ಯೂಟರಿನ ನೆನಪಾಗುತ್ತದೆ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಕೇಳಿ.

ನಮ್ಮವರು ಠಾಣೆ ಪಟ್ಟಣದ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಕ್ಯಾಂಟೀನು ನಡೆಸುತ್ತಿದ್ದರು. ಬರೆಯುವುದೆಂದರೆ ಆಗದು. ಸಂಜೆ ಸಾನಪಾಡಾದ ಮನೆಗೆ ಬಂದವರೇ ಕಂಪ್ಯೂಟರಿನ ಮುಂದೆ ಕೂತು, ನೂರು ಜನರ ಸಾಂಬಾರಿಗೆ ಕೊತ್ತಂಬರಿ ಎಷ್ಟು, ಮೆಂತೆ ಎಷ್ಟು ಎಂದು ಮೈಕಿಗೆ ಹೇಳಿಡುತ್ತಿದ್ದರು. ಅವರು ತೀರಿಹೋದ ಮೇಲೆ ಆ ಫೈಲುಗಳು ಸಾಲಾಗಿ ಕಣ್ಣಿಗೆ ಬೀಳುವುದನ್ನು ಸಹಿಸಲಾಗಲಿಲ್ಲ. ಅಳಿಸಲೂ ಮನಸ್ಸಿಲ್ಲ. ಎಲ್ಲವನ್ನೂ ಎಳೆದು ಪರದೆಯ ಮೂಲೆಯ ಕಸದ ಬುಟ್ಟಿಗೆ ಹಾಕಿದೆ, ಹಿತ್ತಾಳೆ ಪಾತ್ರೆಗಳನ್ನು ಲಾಫ್ಟಿಗೆ ಏರಿಸಿದ ಹಾಗೆ. ಬೇಕೆಂದಾಗ ಇಳಿಸಿದರಾಯಿತಲ್ಲ. ಎರಡು ವರ್ಷ ಇಳಿಸಲಿಲ್ಲ.

ಈ ಸಲ ಚೌತಿಗೆ ಮೊದಲು ಮನೆಯ ಧೂಳು ಹೊಡೆದ ಹುರುಪಿನಲ್ಲೇ ಕಂಪ್ಯೂಟರನ್ನೂ ಚೊಕ್ಕ ಮಾಡಲು ಹೊರಟೆ. ಎಲ್ಲಿಂದಲೋ ರಿಜಿಸ್ಟ್ರಿ ಕ್ಲೀನರ್ ಎಂಬ ಗುಡಿಸುವ ಪ್ರೋಗ್ರಾಮೊಂದನ್ನು ಹಾಕಿಕೊಂಡು, ಅದು ಕೇಳಿದ್ದಕ್ಕೆಲ್ಲ ಹೂಂ ಎಂದೆ. ಅದು ಬುಟ್ಟಿಯನ್ನೂ ಗುಡಿಸಿ ಖಾಲಿ ಮಾಡಿತು. ಆ ದನಿ ಬೇರೆಲ್ಲೂ ಇರಲಿಲ್ಲ. ತಕ್ಷಣ ಬಂದ್ ಮಾಡಿ, ಕಂಪ್ಯೂಟರಿನ ಡಬ್ಬವನ್ನು ಲೋಕಲ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಠಾಣೆ ಪೇಟೆಗೆ ಹೋದೆ.

ರಿಪೇರಿ ಅಂಗಡಿಯವರು ಹುಬ್ಬಳ್ಳಿ ಕಡೆಯವರು, ನರೆತ ತಲೆ.

“ಕಸದ ಡಬ್ಬ್ಯಾಗ ಯಾರರ ಬಂಗಾರ ಇಡ್ತಾರೇನ್ರೀ ಅಕ್ಕಾರ?”

“ನಾವು ಯಾವುದನ್ನೂ ಕಸ ಅಂತ ಬಿಸಾಡುವವರಲ್ಲ ಮಾರಾಯ್ರೆ.”

“ಅದಾದ ಮ್ಯಾಲೆ ಇದರಾಗ ಮತ್ತೇನರ ಮಾಡೀರೇನು?”

“ಇಲ್ಲ, ಹೆದರಿ ಬಂದ್ ಮಾಡಿಟ್ಟೆ.”

“ಆ ಹೆದರಿಕೀನ ಫೈಲ್ ಉಳಸಬೇಕು, ಅವುಗಳ ಮ್ಯಾಲೆ ಹೊಸಾದೇನೂ ಬಿದ್ದಿಲ್ಲ. ನೋಡೂಣು.”

ನಾಲ್ಕು ದಿನ ಫೋನಿನ ಹತ್ತಿರವೇ ಸೊಪ್ಪು ಬಿಡಿಸಿದೆ, ಅಕ್ಕಿ ಆರಿಸಿದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ. ಐದನೆಯ ದಿನ ಅವರ ಫೋನು.

“ನಲವತ್ತೊಂದು ಸಿಕ್ಕಾವ್ರಿ, ಉಳಿದದ್ದು ಹೋತು. ಮತ್ತ ಹೆಸರು ಅಳಿಸ್ಯಾವು, ಬರೇ ನಂಬರ್ ಅದಾವು. ಒಂದೊಂದು ಕೇಳಿ ನೀವ ಹೆಸರಿಡಬೇಕು.”

ಕೇಳುವ ಧೈರ್ಯವಿಲ್ಲದೆಯೇ ಬುಟ್ಟಿಗೆ ಹಾಕಿದವಳು ನಾನು.

ಡಬ್ಬವನ್ನು ಮನೆಗೆ ತಂದೆ. ಇವತ್ತು ಊಟದ ತಟ್ಟೆಯನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು ಮೊದಲನೆಯದನ್ನು ತೆರೆದೆ. “ಕೊತ್ತಂಬರಿ ಅರ್ಧ ಕಿಲೋ, ಮೆಂತೆ ಸ್ವಲ್ಪ ಕಡಿಮೆ…” ಎನ್ನುತ್ತಿದ್ದಾರೆ. ನಡುವೆ ಅಡುಗೆಮನೆಯಿಂದ ನನ್ನದೇ ಕೂಗು: “ಊಟಕ್ಕೆ ಬನ್ನಿ, ತಣ್ಣಗಾಗ್ತದೆ!”

“ಬಂದೆ ಮಾರಾಯ್ತಿ, ಎರಡೇ ನಿಮಿಷ.”

ಅಲ್ಲಿಗೆ ಮುಗಿಯಿತು. ಹೆಸರಿನ ಜಾಗದಲ್ಲಿ ‘ಸಾಂಬಾರು’ ಎಂದು ಬರೆದೆ. ಅಳಿಸಿ, ‘ಎರಡೇ ನಿಮಿಷ’ ಎಂದು ಬರೆದೆ. ಇನ್ನು ನಲವತ್ತಿವೆ. ದಿನಕ್ಕೊಂದಕ್ಕಿಂತ ಹೆಚ್ಚು ಕೇಳುವುದಿಲ್ಲ. ಬೇಗ ಮುಗಿಯಬಾರದಲ್ಲ.